ಪೆಟ್ಟಿಗೆಗೆ ಹೇಳದೆ ಬಿಟ್ಟ ಮಾತು

ನಮ್ಮೂರಿನಲ್ಲಿ ಮದುವೆಯಾಗಿ ಬಂದ ಹೆಣ್ಣು ಮೊದಲ ವರ್ಷವೆಲ್ಲ ಹೆಚ್ಚುಕಡಿಮೆ ಮೂಕಿಯಾಗಿಯೇ ಇರುತ್ತಿದ್ದಳು. ಒಂದೊಂದು ಮನೆಗೆ ಒಂದೊಂದು ಭಾಷೆ. ಹೊಸ್ತಿಲು ದಾಟಿ ಒಳಗೆ ಹೋದಮೇಲೆ ಆ ಮನೆಯ ಭಾಷೆಯೊಂದೇ ಸದ್ದಾಗುತ್ತದೆ. ಬೇರೆ ಭಾಷೆಯಲ್ಲಿ ಆಡಿದರೆ ತುಟಿ ಅಲ್ಲಾಡುತ್ತದೆ, ಮಾತು ಹೊರಡುವುದಿಲ್ಲ. ಜಗಲಿಗೆ ಬಂದರೆ, ಬೀದಿಗಿಳಿದರೆ ಎಲ್ಲವೂ ಕೇಳುತ್ತದೆ. ಬೀದಿಯದೇ ಒಂದು ಮಾತಿದೆ, ಎಲ್ಲರಿಗೂ ಬರುವಂಥದು. ನಾನೀಗ ಹೇಳುತ್ತಿರುವುದೂ ಅದರಲ್ಲೇ. ಹಾಗಾಗಿ ನಮ್ಮಲ್ಲಿ ನೆಂಟರನ್ನು ಜಗಲಿಯಲ್ಲೇ ಕೂರಿಸುತ್ತಾರೆ. ಡಾಕ್ಟರು ಬಂದರೆ ರೋಗಿಯನ್ನು ಮಂಚದ ಸಮೇತ ಹೊರಗೆ ತಂದಿಡುತ್ತಾರೆ. ಫೋನ್ ಬಂದರೆ ಊಟ ಬಿಟ್ಟು ಎಂಜಲು ಕೈಯಲ್ಲಿ ಬೀದಿಗೆ ಓಡುತ್ತಾರೆ. ಮಾವನ ಮನೆಗೆ ಹೋದ ಅಳಿಯ ಬಾಯಿ ಬಿಡದೆ, ಬಡಿಸಿದ್ದು ಉಂಡು ಬರುತ್ತಾನೆ. ಅದಕ್ಕೇ ನಮ್ಮೂರಿನ ಅಳಿಯಂದಿರು ಬಹಳ ಸಾಧುಗಳು ಎಂದು ಸುತ್ತಲ ಊರುಗಳಲ್ಲಿ ಹೆಸರು.

ಸೊಸೆಯಂದಿರು ಹಾಗೆ ಉಂಡು ಎದ್ದು ಬರುವಂತಿಲ್ಲ. ಅವರು ಕಲಿಯಬೇಕು. ಕಲಿಸುವವಳು ಅತ್ತೆ. ನನ್ನತ್ತೆ ನನಗೆ ಮೊದಲು ಕಲಿಸಿದ್ದು ಉಪ್ಪು ಎನ್ನುವ ಮಾತು. ನಾಲಗೆಯ ಮೇಲೆ ಒಂದು ಹರಳು ಇಟ್ಟು ಕಲಿಸಿದರು. ಅವರದು ಸಮಾಧಾನದ ಜೀವ. ಪಕ್ಕದ ಮನೆಯ ದೇವೀರಮ್ಮನಿಗೆ ಅಂಥ ಅದೃಷ್ಟ ಇರಲಿಲ್ಲ. ಅವರ ಅತ್ತೆ ಚನ್ನಾಜಮ್ಮ ಸೌಟಿನ ಹಿಡಿಯಿಂದ ಕೈಗೆಣ್ಣಿನ ಮೇಲೆ ಕುಟ್ಟಿ ಕುಟ್ಟಿ ಕಲಿಸಿದವರು. ಅನ್ನಕ್ಕೆ ಏನನ್ನುತ್ತಾರೆಂದು ತಿಳಿಯುವ ಮೊದಲೇ, ಅನ್ನ ಸೀಯಿಸಿದವಳಿಗೆ ಏನನ್ನುತ್ತಾರೆಂದು ದೇವೀರಮ್ಮನಿಗೆ ತಿಳಿದಿತ್ತು. ಅತ್ತೆ ಹೋಗಿ ಎಷ್ಟೋ ಕಾಲವಾದ ಮೇಲೂ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಾ ಕೂತಾಗ ಆ ಮಾತು ಬಂದೇ ಬರುತ್ತಿತ್ತು.

"ರುಕ್ಕೂ, ನಮ್ಮ ನಾಗಭೂಷಣನಿಗೆ ಹೆಣ್ಣು ತರ್ತೀನಲ್ಲ, ಅವಳ ಮೇಲೆ ನಾನು ಹಂಗೆ ಕೈ ಎತ್ತಿದ್ರೆ ಈ ಕೈ ಸೇದೋಗ್ಲಿ" ಎನ್ನುತ್ತಿದ್ದರು ನನಗೆ.

ಪಾಠದ ಪೆಟ್ಟಿಗೆ ಊರಿಗೆ ಬಂದದ್ದು ಆ ಹೊತ್ತಿಗೇ. ಬಸ್ ಸ್ಟ್ಯಾಂಡಿನ ಹಿಂದೆ ಬಷೀರ್ ಸಾಹೇಬರು ಅಂಗಡಿ ತೆರೆದರು. ಅಂಗೈಯಗಲದ ಪೆಟ್ಟಿಗೆ, ಮುಂದೊಂದು ಪರದೆ, ಕಿವಿಗೆ ಸಿಕ್ಕಿಸಿಕೊಳ್ಳಲು ಎರಡು ತಂತಿ. ಪರದೆಯ ಮೇಲೆ ಒಂದೊಂದಾಗಿ ಚಿತ್ರ ಬರುತ್ತದೆ; ಮನೆಯ ಹಿರಿಯರು ಅದನ್ನು ನೋಡಿ ತಮ್ಮ ಮನೆಯ ಮಾತಿನಲ್ಲಿ ಹೇಳುತ್ತಾ ಹೋಗಬೇಕು. ಎಲ್ಲ ಹೇಳಿ ಮುಗಿದ ಮೇಲೆ ಪೆಟ್ಟಿಗೆಯನ್ನು ಕಲಿಯುವವಳಿಗೆ ಕೊಡುತ್ತಾರೆ. ಅದು ಅದೇ ಚಿತ್ರ ತೋರಿಸಿ, ಅದೇ ದನಿಯಲ್ಲಿ ಹೇಳಿಕೊಟ್ಟು, ಅವಳಿಂದ ಹೇಳಿಸಿ, ತಪ್ಪಿದರೆ ಮತ್ತೆ ಹೇಳಿಸುತ್ತದೆ. ಸಿಟ್ಟಾಗುವುದಿಲ್ಲ, ಬೇಸರವಿಲ್ಲ. ಹೊರಗಿನ ಊರುಗಳಲ್ಲಿ ಇದನ್ನು ಪರದೇಶದ ಭಾಷೆ ಕಲಿಯಲು ಇಟ್ಟುಕೊಳ್ಳುತ್ತಾರಂತೆ. ನಮಗೆ ಎದುರು ಮನೆಯೇ ಪರದೇಶ. ಮದುವೆ ಗೊತ್ತಾದ ಹುಡುಗಿಯರು ಸಂಜೆ ಹೊತ್ತು ಸ್ಕೂಲ್ ಮೈದಾನದಲ್ಲಿ ಕಿವಿಗೆ ತಂತಿ ಸಿಕ್ಕಿಸಿಕೊಂಡು, ತಮ್ಮಷ್ಟಕ್ಕೆ ತಾವೇ ಮಾತಾಡಿಕೊಳ್ಳುತ್ತಾ ಅಡ್ಡಾಡುವುದು ಮಾಮೂಲಾಯಿತು. ಒಬ್ಬೊಬ್ಬಳದು ಒಂದೊಂದು ಭಾಷೆ. ಸಂಜೆಯ ಮರದಲ್ಲಿ ಹಕ್ಕಿ ಸೇರಿದ ಹಾಗೆ ಗದ್ದಲ.

ಮಗ ನಾಗಭೂಷಣನಿಗೆ ಕುಮುದಾ ಎಂಬ ಹುಡುಗಿಯನ್ನು ತರುವ ಮಾತುಕತೆ ಮುಗಿದ ಮರುದಿನವೇ ದೇವೀರಮ್ಮ ಹೋಗಿ ಪೆಟ್ಟಿಗೆ ತಂದರು. ಮನೆಯ ಕೆಲಸವೆಲ್ಲ ಹಿಂದೆ ಬಿತ್ತು. ಬೆಳಗ್ಗೆ ಒಲೆಯ ಮುಂದೆ, ಮಧ್ಯಾಹ್ನ ಹಿತ್ತಿಲ ಬಾಗಿಲಲ್ಲಿ ಪೆಟ್ಟಿಗೆಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ಕಂಕುಳ ಕೂಸಿಗೆ ಹೇಳಿಕೊಡುವ ಹಾಗೆ ಹೇಳುತ್ತಿದ್ದರು. ಅವರ ಮನೆ ಮಾತು ನನಗೆ ಬರದು. ಆದರೂ ಗೋಡೆಯಾಚೆಯಿಂದ ಆ ದನಿ ಕೇಳುತ್ತಾ ಹಿತ್ತಿಲಲ್ಲಿ ಪಾತ್ರೆ ತೊಳೆಯುವುದು ನನಗೆ ಹಿತವಾಗಿರುತ್ತಿತ್ತು.

ಎಲ್ಲ ಚಿತ್ರಕ್ಕೂ ಅವರು ಹೇಳಲಿಲ್ಲ. ಇಬ್ಬರು ಹೆಂಗಸರು ಬೆರಳು ತೋರಿಸಿಕೊಂಡು ಜಗಳವಾಡುವ ಚಿತ್ರ ಬಂತು, ಮುಂದಕ್ಕೆ ಒತ್ತಿದರು. ಸೌಟು ಎತ್ತಿದ ಕೈಯ ಚಿತ್ರ ಬಂತು, ಅದನ್ನೂ ಒತ್ತಿದರು. ಚಟ್ಟದ ಪಕ್ಕ ಕೂತವಳು, ಮುಖಕ್ಕೆ ಸೆರಗು ಮುಚ್ಚಿಕೊಂಡವಳು, ಯಾವುದಕ್ಕೂ ಬಾಯಿ ತೆರೆಯಲಿಲ್ಲ. ಹೇಳಿ ಮುಗಿದ ಪೆಟ್ಟಿಗೆಯನ್ನು ಅಂಗಡಿಯಲ್ಲಿ ತೋರಿಸಲು ಹೋದಾಗ ನಾನೂ ಜೊತೆಗಿದ್ದೆ. ಬಷೀರ್ ಸಾಹೇಬರು ಪರದೆ ನೋಡುತ್ತಾ ಕೇಳಿದರು:

"ಅಮ್ಮಾ, ಸುಮಾರು ಚಿತ್ರ ಖಾಲಿ ಬಿಟ್ಟಿದ್ದೀರಲ್ಲ."

"ಅವು ಬೇಡ ಸಾಹೇಬ್ರೇ. ನನ್ನ ಸೊಸೆಗೆ ಅವುಗಳ ಕೆಲಸ ಬೀಳಲ್ಲ."

"ಬೀಳದೇ ಇರಲಿ ತಾಯಿ. ಆದ್ರೂ ಗೊತ್ತಿರಲಿ ಅಂತ..."

"ಗೊತ್ತಿದ್ರೆ ತಾನೇ ಬಾಯಿಗೆ ಬರೋದು? ಗೊತ್ತೇ ಇಲ್ದಿದ್ರೆ ನಮ್ಮನೇಲಿ ಆ ಮಾತೇ ಇರಲ್ಲ" ಎಂದರು ದೇವೀರಮ್ಮ. ಹೇಳುವಾಗ ಅವರ ಮುಖ ಎಷ್ಟು ಬೆಳಗಿತ್ತೆಂದರೆ ಸಾಹೇಬರು ಖಾಲಿ ಚಿತ್ರಗಳನ್ನು ಹಾಗೇ ಬಿಟ್ಟು ಪೆಟ್ಟಿಗೆ ವಾಪಸು ಕೊಟ್ಟರು.

ಕುಮುದಾ ಹೊಸ್ತಿಲ ಮೇಲಿನ ಸೇರು ಒದ್ದು ಒಳಗೆ ಬಂದವಳೇ, ಆ ಮನೆಯಲ್ಲೇ ಹುಟ್ಟಿದವಳ ಹಾಗೆ ಮಾತಾಡಿದಳಂತೆ. ನಾಗಭೂಷಣ ಹೊರಗೆ ಬಂದು ನಮಗೆಲ್ಲ ಹೇಳಿ ಹೇಳಿ ನಕ್ಕ. ನೀರಿಗೆ ಸಂಬಂಧಪಟ್ಟ ಪಾಠ ಹೇಳುವ ದಿನ ದೇವೀರಮ್ಮನಿಗೆ ನೆಗಡಿಯಾಗಿತ್ತು. ಈ ಹುಡುಗಿ ನೀರು, ಬಾವಿ, ಕೊಡ ಎನ್ನುವಾಗ ಮಾತ್ರ ಮೂಗಿನಲ್ಲಿ ಮಾತಾಡುತ್ತಾಳೆ. ಅತ್ತೆಯ ನೆಗಡಿಯನ್ನೂ ಬಿಡದೆ ಕಲಿತಿದ್ದಾಳೆ ಎಂದು ಬೀದಿಯೇ ನಕ್ಕಿತು. ಅವಳೂ ನಕ್ಕಳು. ನಗುವ ಹುಡುಗಿ ಅವಳು, ಕೆಲಸದಲ್ಲೂ ಚುರುಕು. ದೇವೀರಮ್ಮ ಹೆಮ್ಮೆಯಿಂದ ಉಬ್ಬಿಹೋದರು.

ಸ್ವಲ್ಪ ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಜಗಲಿಯಲ್ಲಿ ಸುಮ್ಮನೆ ಕೂತಿದ್ದವರು ಹೇಳಿದರು:

"ಏನ್ ತೋರಿಸಕ್ಕೆ ಹೋದ್ರೂ 'ಗೊತ್ತು ಅತ್ತೆ' ಅಂತಾಳೆ ಕಣೆ. ಗೊತ್ತೂ ಇರುತ್ತೆ. ನನ್ನ ದನೀಲೇ ಹೇಳ್ತಾಳೆ. ಖುಷೀನೇ. ಆದ್ರೆ ಅಡುಗೆಮನೇಲಿ ಇಬ್ರೂ ಸುಮ್ನೆ ಇದ್ಬಿಡ್ತೀವಿ."

"ಜಗಳ ಇಲ್ಲವಲ್ಲ, ಅಷ್ಟು ಸಾಕು ಬಿಡಿ" ಎಂದೆ.

"ಜಗಳಾನಾ? ಅವಳ ಬಾಯಲ್ಲಿ ಒಂದು ಕೆಟ್ಟ ಮಾತು ಬರಲ್ಲ. ಚಿನ್ನದಂಥ ಸ್ವಭಾವ."

ಸ್ವಭಾವದ ಸಂಗತಿ ಬೀದಿಗೆ ಬೇರೆ ಥರ ಕಾಣುತ್ತಿತ್ತು. ಬೇಸರವಾದಾಗಲೆಲ್ಲ ಕುಮುದಾ ಗಂಡನನ್ನು ಕಣ್ಣಲ್ಲೇ ಕರೆದು ಹೊರಗೆ ತಂದು, ಲೈಟ್ ಕಂಬದ ಕೆಳಗೆ ನಿಲ್ಲಿಸಿಕೊಂಡು, ಬೀದಿ ಮಾತಿನಲ್ಲಿ ಚೆನ್ನಾಗಿ ಬೆಂಡೆತ್ತಿ ಒಳಗೆ ಹೋಗುತ್ತಿದ್ದಳು. ಹೊಸ್ತಿಲು ದಾಟಿದರೆ ಮತ್ತೆ ಮೃದು. ನಾವು ಅದನ್ನು ನೋಡಿ ತಮಾಷೆ ಮಾಡಿಕೊಂಡೆವೇ ಹೊರತು, ಆ ಹುಡುಗಿಗೆ ಸಿಟ್ಟು ಮಾಡಿಕೊಳ್ಳಲು ಮನೆಯೊಳಗೆ ಜಾಗವಿಲ್ಲ ಎಂದು ಯಾರಿಗೂ ಹೊಳೆಯಲಿಲ್ಲ.

ಅವಳು ಬಸುರಾದಳು. ದೇವೀರಮ್ಮ ಮಗುವಿಗೆಂದು ತಮ್ಮ ಹಳೆಯ ಹತ್ತಿ ಸೀರೆಗಳನ್ನು ಒಗೆದು, ಮೆತ್ತಗಾಗಲೆಂದು ಮತ್ತೆ ಮತ್ತೆ ಒಗೆದು, ನಡುಮನೆಯ ಹಗ್ಗದ ಮೇಲೆ ಮಡಿಸಿ ಇಟ್ಟಿದ್ದರು. ತಿಂಗಳು ತುಂಬುತ್ತಾ ಬಂದಾಗ ಒಂದು ದಿನ ಹೊಟ್ಟೆಯಲ್ಲಿ ಮಗು ಅಲ್ಲಾಡುತ್ತಿಲ್ಲ ಎಂದಳು. ಆಸ್ಪತ್ರೆಗೆ ಕರೆದುಕೊಂಡು ಹೋದರು. ಹುಟ್ಟಿದ ಮಗುವಿಗೆ ಉಸಿರಿರಲಿಲ್ಲ.

ಆಸ್ಪತ್ರೆಯಲ್ಲಿ ಅವಳು ಅಳಲೇ ಇಲ್ಲವಂತೆ. ಅಲ್ಲಿ ಬೀದಿ ಮಾತು ನಡೆಯುತ್ತದೆ, ನರ್ಸು ಕೇಳಿದ್ದಕ್ಕೆ ಹೂಂ, ಊಹೂಂ ಅಂದಳಂತೆ ಅಷ್ಟೆ. ಮನೆಗೆ ಹೋಗಿ ಅಳೋಣ ಎಂದು ಹಿಡಿದಿಟ್ಟುಕೊಂಡಿದ್ದಳೋ ಏನೋ. ಆಟೋ ಬಂದಾಗ ನಾನು ಗಂಜಿ ಪಾತ್ರೆ ಹಿಡಿದು ಅವರ ಹೊಸ್ತಿಲ ಹೊರಗೆ ನಿಂತಿದ್ದೆ, ಅದಕ್ಕೇ ಕಣ್ಣಾರೆ ಕಂಡೆ. ಕುಮುದಾ ಒಳಗೆ ಹೋಗಿ ಹಗ್ಗದ ಮೇಲಿದ್ದ ಬಟ್ಟೆ ನೋಡಿದಳು. ಗೋಡೆಗೊರಗಿ ಕುಸಿದಳು. ಬಾಯಿ ತೆರೆದಳು. ತುಟಿ ಅಲ್ಲಾಡಿತು, ಕತ್ತಿನ ನರ ಉಬ್ಬಿತು. ಬಿಕ್ಕುವುದು ಕೇಳುತ್ತಿತ್ತು; ಬಿಕ್ಕಿನ ನಡುವೆ ಬರಬೇಕಾದ ಮಾತಿನ ಜಾಗವೆಲ್ಲ ಖಾಲಿ. ಅವಳು ತನ್ನ ತಾಯಿ ಮನೆಯ ಮಾತಿನಲ್ಲಿ ಅಳುತ್ತಿದ್ದಳು. ಆಮೇಲೆ ತಡೆದು, ಕಣ್ಣು ಮುಚ್ಚಿ, ಹುಡುಕಿ ಹುಡುಕಿ ಒಂದು ಮಾತು ಆಡಿದಳು, ಅದು ಕೇಳಿತು. ನನಗೆ ಅರ್ಥವಾಗಲಿಲ್ಲ. ನಾಗಭೂಷಣ ಆಮೇಲೆ ಹೇಳಿದ. 'ಮಗು ಮನೆಯಲ್ಲಿ ಇಲ್ಲ' ಅಂದಳಂತೆ. ಪೆಟ್ಟಿಗೆಯಲ್ಲಿದ್ದ ಮಾತು, ಯಾರಾದರೂ ಮಗುವನ್ನು ಕೇಳಿಕೊಂಡು ಬಂದಾಗ ಬಾಗಿಲಲ್ಲಿ ನಿಂತು ಹೇಳುವಂಥದು.

ಅದನ್ನು ಕೇಳಿದ್ದೇ ದೇವೀರಮ್ಮನಿಗೆ ತಡೆಯಲಾಗಲಿಲ್ಲ. ಎದೆ ಬಡಿದುಕೊಂಡರು, ಹಣೆ ಚಚ್ಚಿಕೊಂಡರು, ಸೊಸೆಯ ಹೊಟ್ಟೆಯತ್ತ ಕೈಚಾಚಿ, ಮೇಲಕ್ಕೆ ಕೈಯೆತ್ತಿ, ಜೋರಾಗಿ ಏನೇನೋ ಹೇಳತೊಡಗಿದರು. ಅದರಲ್ಲಿ ಒಂದು ಮಾತೂ ಕುಮುದಾ ಪೆಟ್ಟಿಗೆಯಲ್ಲಿ ಕೇಳಿದ್ದಾಗಿರಲಿಲ್ಲ. ಅವಳು ಅತ್ತೆಯ ಮುಖವನ್ನೇ ನೋಡಿದಳು. ಹೊಡೆಯಲು ಬಂದವರಿಂದ ತಪ್ಪಿಸಿಕೊಳ್ಳುವ ಹಾಗೆ ಎರಡೂ ತೋಳು ತಲೆಯ ಮೇಲೆ ತಂದುಕೊಂಡಳು. ಆಮೇಲೆ ಗೋಡೆ ಹಿಡಿದು ಎದ್ದು, ನನ್ನನ್ನು ಸರಿಸಿಕೊಂಡು, ಬರಿಗಾಲಲ್ಲಿ ಬೀದಿಗಿಳಿದು ತಾಯಿ ಮನೆಯ ಕಡೆ ನಡೆದುಬಿಟ್ಟಳು. ನಾಗಭೂಷಣ ಹಿಂದೆ ಓಡಿದ.

ತಾಯಿ ಮನೆ ದೂರವೇನಲ್ಲ, ಎರಡು ಬೀದಿ ಆಚೆ. ಮರುದಿನ ಬೆಳಗ್ಗೆ ದೇವೀರಮ್ಮ ನನ್ನನ್ನು ಕರೆದುಕೊಂಡು ಅಲ್ಲಿಗೆ ಹೋದರು. ಒಳಗಿನಿಂದ ಕುಮುದಾ ಅಳುವುದು ಬೀದಿಗೇ ಕೇಳುತ್ತಿತ್ತು. ಎಂಥ ಅಳು! ಮಾತಿನ ಮೇಲೆ ಮಾತು, ಕಟ್ಟೆಯೊಡೆದ ಹಾಗೆ. ದೇವೀರಮ್ಮ ಜಗಲಿಯ ಕಂಬ ಹಿಡಿದು ಕೇಳುತ್ತಾ ನಿಂತರು. ಒಂದು ಮಾತೂ ತಿಳಿಯದು. ಒಳಗೆ ಹೋದರೆ ತಮ್ಮ ಮಾತೂ ಅವಳಿಗೆ ಕೇಳದು. ಅವಳ ತಾಯಿ ಕೆಂಪನಂಜಮ್ಮ ಹೊರಗೆ ಬಂದರು. ಕೂರಿ ಎನ್ನಲಿಲ್ಲ.

"ನಿನ್ನೆ ನನ್ನ ಮಗಳಿಗೆ ಏನಂದ್ರಿ ದೇವೀರಕ್ಕ?"

"ಬಯ್ಯಲಿಲ್ಲ ಕಣಮ್ಮ. ಅತ್ತಿದ್ದು. ನನ್ನ ಕಂದನ್ನ ಕಳಕೊಂಡೆ ಅಂತ ಅತ್ತಿದ್ದು."

"ಮಗೂನ ನೀನೇ ತಿಂದ್ಕೊಂಡೆ ಅಂದ್ರು ಅಂತಾಳಲ್ಲ ಅವಳು? ಎದೆ ಬಡ್ಕೊಂಡು, ಹೊಟ್ಟೆ ತೋರಿಸಿ ಅಂದ್ರಂತೆ."

"ಅಯ್ಯೋ, ಇಲ್ಲ, ನನ್ನಾಣೆ ಇಲ್ಲ."

"ಅತ್ತಿದ್ದಾದ್ರೆ ಅವಳಿಗೆ ಯಾಕೆ ಗೊತ್ತಾಗ್ಲಿಲ್ಲ? ಅಷ್ಟು ಚೆನ್ನಾಗಿ ಕಲಿತವಳಿಗೆ?"

ದೇವೀರಮ್ಮ "ಆ ಮಾತು ನಾನು ಹೇಳಿಕೊಟ್ಟಿರಲಿಲ್ಲ" ಎಂದರು.

ವಾಪಸು ಬರುವಾಗ ದಾರಿಯಲ್ಲಿ ಒಂದು ಮನೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಯಾರಿಗೂ ಹೇಳಿರದ ಒಂದು ವಿಷಯ ಆವತ್ತು ನನಗೆ ಹೇಳಿದರು. ಅವರು ಮದುವೆಯಾಗಿ ಬಂದ ಹೊಸದರಲ್ಲೇ ಅವರ ಅಪ್ಪ ತೀರಿಕೊಂಡಿದ್ದರಂತೆ. ಸುದ್ದಿ ಬಂದಾಗ ಅಡುಗೆಮನೆಯಲ್ಲಿದ್ದರು. ಅಪ್ಪಾ ಎಂದು ಕೂಗಿದರೆ ಗಂಟಲಿಂದ ಸದ್ದಿಲ್ಲ. ಆಗ ಚನ್ನಾಜಮ್ಮ ಬಂದು ಎದುರು ಕೂತು, ಗಲ್ಲ ಗಟ್ಟಿಯಾಗಿ ಹಿಡಿದುಕೊಂಡು, ಆ ಮನೆಯಲ್ಲಿ ಸತ್ತವರಿಗೆ ಹೇಗೆ ಅಳುತ್ತಾರೋ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳಿ, ಇವರಿಂದ ಹೇಳಿಸಿದರಂತೆ. ಬರದಿದ್ದರೆ ಗದರಿಸಿ ಮತ್ತೆ ಹೇಳಿಸುತ್ತಿದ್ದರಂತೆ.

"ಆವತ್ತು ಅವಳ ಮೇಲೆ ಎಷ್ಟು ರೋಷ ಬಂತು ಗೊತ್ತಾ ರುಕ್ಕೂ. ಅಪ್ಪ ಸತ್ತಿದ್ದಾನೆ, ಈ ಮುದುಕಿ ಇಲ್ಲೂ ಪಾಠ ಮಾಡ್ತಾಳಲ್ಲ ಅಂತ. ಹೇಳ್ತಾ ಹೇಳ್ತಾ ನನಗೆ ಅಳು ಬಂತು. ಅವಳೂ ಜೊತೆಗೆ ಅತ್ತಳು. ನಮ್ಮಪ್ಪನ್ನ ಅವಳು ಎರಡು ಸಲ ನೋಡಿದ್ಲೋ ಇಲ್ವೋ. ಸೌಟಿನ ಏಟು ನೆನಪಿಟ್ಕೊಂಡೆ. ಇದನ್ನ ಇಷ್ಟು ದಿನ ಯಾತರ ಲೆಕ್ಕಕ್ಕೂ ಇಟ್ಟಿರಲಿಲ್ಲ ನೋಡು."

ಆ ದಿನವೇ ಪೆಟ್ಟಿಗೆ ಹಿಡಿದು ಬಷೀರ್ ಸಾಹೇಬರ ಅಂಗಡಿಗೆ ಹೋದರು. ಬಿಟ್ಟ ಚಿತ್ರಗಳನ್ನು ಮತ್ತೆ ತೆರೆಯಬಹುದು ಎಂದರು ಸಾಹೇಬರು. ಆವತ್ತೇ ಹೇಳಿದ್ದೆನಲ್ಲ ಎಂದು ಆಡಿ ತೋರಿಸಲಿಲ್ಲ, ಕುರ್ಚಿ ಹಾಕಿ, ಅಂಗಡಿ ಬಾಗಿಲು ಅರ್ಧ ಮುಂದೆ ಮಾಡಿ ಹೊರಗೆ ಹೋಗಿ ನಿಂತರು. ದೇವೀರಮ್ಮ ಚಟ್ಟದ ಚಿತ್ರ ನೋಡಿ ಹೇಳಿದರು. ಮುಖ ಮುಚ್ಚಿದವಳ ಚಿತ್ರ ನೋಡಿ ಹೇಳಿದರು. ಸಾಯುವ ಮಾತು, ಸುಡುವ ಮಾತು, ಕಂದನನ್ನು ಕರೆದು ಅಳುವ ಮಾತು. ಬೈಗುಳವನ್ನೂ ಬಿಡಲಿಲ್ಲ. ನಡುನಡುವೆ ಅಳು ಬಂದರೆ ಪೆಟ್ಟಿಗೆ ನಿಲ್ಲಿಸಿ, ಮೂಗೊರೆಸಿಕೊಂಡು, ದನಿ ಸರಿಮಾಡಿಕೊಂಡು ಮತ್ತೆ ಹೇಳುತ್ತಿದ್ದರು. ಪಾಠ ಸ್ಪಷ್ಟವಾಗಿರಬೇಕಲ್ಲ. ನಾಗಭೂಷಣ ಪೆಟ್ಟಿಗೆಯನ್ನು ಹೆಂಡತಿಗೆ ತಲುಪಿಸಿದ.

ಅವಳು ತಾಯಿ ಮನೆಯ ಜಗಲಿಗೆ ಬಂದು ಕೂತು ಕೇಳಿದಳು. ಆವತ್ತು ಅತ್ತೆ ಅಂದದ್ದು ಏನೆಂದು ಆಗ ತಿಳಿಯಿತು. ಒಳ್ಳೆಯ ಹುಡುಗಿ, ಮನಸ್ಸಿನಲ್ಲಿ ಇಟ್ಟುಕೊಳ್ಳುವವಳಲ್ಲ. ಮೈ ಸುಧಾರಿಸಿದ ಮೇಲೆ ತಾನಾಗಿ ವಾಪಸು ಬಂದಳು. ಬಂದು ಎರಡು ದಿನಕ್ಕೋ ಮೂರು ದಿನಕ್ಕೋ, ಅಡುಗೆಮನೆಯಲ್ಲಿ ಮೊರದ ಮುಂದೆ ಅಕ್ಕಿ ಆರಿಸುತ್ತಾ ಕೂತಿದ್ದವಳು, ತಲೆಯೆತ್ತದೆ, ಆ ಅಳುವ ಮಾತುಗಳನ್ನು ಮೊದಲಿಂದ ಕೊನೆಯವರೆಗೆ ಹೇಳಿದಳಂತೆ. ಎಲ್ಲೂ ತಪ್ಪಿಲ್ಲ. ಎಲ್ಲಿ ದನಿ ಏರಬೇಕೋ ಅಲ್ಲಿ ಏರಿತು, ಎಲ್ಲಿ ಎಳೆಯಬೇಕೋ ಅಲ್ಲಿ ಎಳೆಯಿತು. ಅದೂ ದೇವೀರಮ್ಮನ ದನಿಯಲ್ಲೇ. ಕಣ್ಣಲ್ಲಿ ಒಂದು ಹನಿ ಇಲ್ಲ. ಕೈ ಕಲ್ಲು ಆರಿಸುತ್ತಲೇ ಇತ್ತು.

"ಸರಿಯಾಗಿದೆಯಾ ಅತ್ತೆ?" ಎಂದಳಂತೆ.

"ಸರಿಯಾಗಿದೆ ಮಗಳೇ" ಎಂದು ಹೇಳಿ ದೇವೀರಮ್ಮ ಹಿತ್ತಿಲಿಗೆ ಎದ್ದು ಹೋದರು. ಅವಳ ಅಳುವೆಲ್ಲ ಆಗಲೇ ಬೇರೆ ಮನೆಯಲ್ಲಿ, ಬೇರೆ ಮಾತಿನಲ್ಲಿ ಖರ್ಚಾಗಿತ್ತು. ತುಂಬಲು ಏನೂ ಉಳಿಯದ ಮೇಲೆ ತಾನು ಪಾತ್ರೆ ಕೊಟ್ಟ ಹಾಗಾಯಿತು ಎಂದು ಅವರಿಗೆ ಅನ್ನಿಸಿತು. ಹಿತ್ತಿಲಲ್ಲಿ ನಿಂತು ಗೋಡೆಯ ಮೇಲಿಂದ ನನ್ನನ್ನು ಕರೆದರು. ನಡೆದದ್ದನ್ನು ಒಂದೂ ಬಿಡದೆ ಹೇಳಿದರು.

ಆಮೇಲೆ ಅವರ ಮನೆಯಲ್ಲಿ ಕೆಟ್ಟದ್ದೇನೂ ನಡೆಯಲಿಲ್ಲ. ಹೆಣ್ಣು ಮಗುವಾಯಿತು, ಆರೋಗ್ಯವಾಗಿ ಬೆಳೆಯಿತು. ಕುಮುದಾ ಅತ್ತೆಗೆ ಎಂದೂ ಎದುರಾಡಲಿಲ್ಲ. ಆದರೆ ಮನಸ್ಸಿಗೆ ನೋವಾದಾಗಲೆಲ್ಲ ಚಪ್ಪಲಿ ಮೆಟ್ಟಿಕೊಂಡು ತಾಯಿ ಮನೆಗೆ ಹೋಗಿ, ಮುಖ ತೊಳೆದುಕೊಂಡು ಬರುವುದು ಮಾತ್ರ ನಿಲ್ಲಲಿಲ್ಲ. ಮನೆಯ ಮಾತಿನಲ್ಲಿ ಈಗ ಎಲ್ಲವೂ ಇತ್ತು, ಅಳುವುದಕ್ಕೂ ಮಾತಿತ್ತು. ಅವಳು ಅದನ್ನು ಮತ್ತೆ ಬಾಯಿಗೆ ತರಲಿಲ್ಲ.

ಕೆಲವು ವರ್ಷಗಳ ನಂತರ ಸ್ಕೂಲ್ ಶುರುವಾಗುವ ದಿನ ಅದು. ನಮ್ಮ ಬೀದಿಯಿಂದ ಹೊಸದಾಗಿ ಸೇರುವ ಮಕ್ಕಳು ಹೊಸ ಬ್ಯಾಗು ಹಾಕಿಕೊಂಡು ಹೊರಟಿದ್ದರು. ಉಸಿರಿಲ್ಲದೆ ಹುಟ್ಟಿದ ಅವಳ ಆ ಮಗುವಿನ ಓರಗೆಯವರು ಎಲ್ಲ. ಕುಮುದಾ ಜಗಲಿಯಲ್ಲಿ ನಿಂತು ಅವರು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದಳು. ಮಗಳನ್ನು ನನ್ನ ಕೈಗೆ ಕೊಟ್ಟು ಚಪ್ಪಲಿ ಮೆಟ್ಟಿದಳು. ದೇವೀರಮ್ಮ ಒಳಗಿನಿಂದ ಬಂದು, ಸೆರಗು ಸರಿಮಾಡಿಕೊಂಡು "ನಾನೂ ಬರ್ತೀನಿ" ಎಂದರು.

"ನೀವ್ಯಾಕೆ ಅತ್ತೆ? ಅಲ್ಲಿ ನಿಮಗೇನೂ..."

"ಗೊತ್ತಾಗಲ್ಲ. ಗೊತ್ತು. ಬರ್ತೀನಿ."

ಕುಮುದಾಳ ತಾಯಿ ಮನೆಯೊಳಕ್ಕೆ ದೇವೀರಮ್ಮ ಕಾಲಿಟ್ಟದ್ದು ಅದೇ ಮೊದಲು. ಅಲ್ಲಿ ನಡೆದದ್ದನ್ನು ಕುಮುದಾಳೇ ನನಗೆ ಹೇಳಿದ್ದು. ಅವಳು ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ಕೆಂಪನಂಜಮ್ಮ ಬೆನ್ನು ಸವರುತ್ತಾ ಏನೋ ಹೇಳುತ್ತಿದ್ದರು. ದೇವೀರಮ್ಮ ಸ್ವಲ್ಪ ದೂರದಲ್ಲಿ, ಆವತ್ತೇ ಮದುವೆಯಾಗಿ ಬಂದ ಹುಡುಗಿ ಕೂರುವ ಹಾಗೆ ಗೋಡೆಗೆ ಅಂಟಿ ಕೂತು, ತಾಯಿ ಮಗಳ ಬಾಯನ್ನೇ ನೋಡುತ್ತಿದ್ದರಂತೆ. ಒಂದು ಸಲ ಅವರೂ ಬಾಯಿ ತೆರೆದರು. ತುಟಿ ಬಹಳ ಹೊತ್ತು ಅಲ್ಲಾಡಿತು. ಏನೂ ಕೇಳಿಸಲಿಲ್ಲ.

ಬಿಸಿಲೇರುವ ಹೊತ್ತಿಗೆ ಇಬ್ಬರೂ ಹೊರಗೆ ಬಂದರು. ಬೀದಿಗಿಳಿದ ಮೇಲೆ ಕುಮುದಾ ಕೇಳಿದಳು:

"ಒಳಗೆ ಏನೋ ಅಂದ್ರಲ್ಲ, ಏನಂದ್ರಿ ಅತ್ತೆ?"

"ಏನಿಲ್ಲ ಮಗಳೇ. ನೀನೇನಂದೆ ಅವ್ವನ ಹತ್ರ?"

"ಏನಿಲ್ಲ ಅತ್ತೆ. ನಡೀರಿ, ಬಿಸಿಲಾಯ್ತು."

ಎಲ್ಲ ಮಾತೂ ಕೇಳುವ ಬೀದಿಯಲ್ಲಿ ಇಬ್ಬರೂ ಮನೆಯವರೆಗೆ ಸುಮ್ಮನೆ ನಡೆದು ಬಂದರು. ಅತ್ತೆಯ ಕಾಲು ಸೋತಲ್ಲೆಲ್ಲ ಸೊಸೆ ನಿಧಾನ ಮಾಡುತ್ತಿದ್ದಳು.